ತೇವ, ಸಿಡಿಲು, ಹಳೇ ಕಂಪ್ಯೂಟರ್: ಕೊಡಗಿನ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಕೊಡಗಿನವು. ದೂರುಗಳು ಬೇರೆ ಬೇರೆಯಾಗಿ ಕಂಡರೂ ಹೆಚ್ಚಿನವುಗಳ ಮೂಲ ಎರಡೇ: ಗಾಳಿಯಲ್ಲಿರುವ ತೇವ ಮತ್ತು ನೆಟ್ಟಗಿಲ್ಲದ ಕರೆಂಟು. ಹತ್ತು ವರ್ಷ ದಾಟಿದೆ ಎಂಬ ಒಂದೇ ಕಾರಣಕ್ಕೆ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಇವೆರಡನ್ನು ಪರೀಕ್ಷಿಸಿ.

ಪ್ರಶ್ನೆ: ಜೂನ್ ತಿಂಗಳಲ್ಲಿ ಮುಚ್ಚಿಟ್ಟ ಕಂಪ್ಯೂಟರನ್ನು ಕಕ್ಕಡ ಮಾಸ (ಜುಲೈ-ಆಗಸ್ಟ್) ಕಳೆದ ಮೇಲೆ ಆನ್ ಮಾಡಿದೆವು. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಉದ್ದನೆಯ ಬೀಪ್ ಸದ್ದು ಬಿಟ್ಟು ಬಿಟ್ಟು ಬರುತ್ತದೆ. ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ. ನಿಜವೇ?
— ಓದುಗರು, ಭಾಗಮಂಡಲ

ಬೀಪ್ ಬರುತ್ತಿದೆ ಎಂದರೆ ಮದರ್‌ಬೋರ್ಡ್ ಇನ್ನೂ ಬದುಕಿದೆ, ಏನು ತೊಂದರೆ ಎಂದು ಹೇಳಲು ನೋಡುತ್ತಿದೆ. ಬೀಪ್‌ಗಳ ಅರ್ಥ ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ. ಆದರೂ ಹಳೆಯ ಅವಾರ್ಡ್ ಕಂಪನಿಯ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶ) ಇರುವ ಬೋರ್ಡ್‌ಗಳಲ್ಲಿ ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ರ್‍ಯಾಮ್ (ಯಂತ್ರದ ತಾತ್ಕಾಲಿಕ ನೆನಪು) ಸಿಗುತ್ತಿಲ್ಲ ಎಂದು, ಒಂದು ಉದ್ದ ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಾರ್ಡ್ ತೊಂದರೆ ಎಂದು ಲೆಕ್ಕ. ನಿಮ್ಮದು ರ್‍ಯಾಮ್‌ನದೇ ಇರಬೇಕು.

ಕಾರಣ ಸರಳ. ರ್‍ಯಾಮ್ ಪಟ್ಟಿಯ ಅಂಚಿನಲ್ಲಿರುವ ಚಿನ್ನದ ಲೇಪ ಬಹಳ ತೆಳು. ಚಿನ್ನ ತಾನಾಗಿ ಕಿಲುಬು ಹಿಡಿಯುವುದಿಲ್ಲ, ಆದರೆ ಲೇಪದ ಸಣ್ಣ ರಂಧ್ರಗಳಿಂದ ಕೆಳಗಿನ ಲೋಹಕ್ಕೆ ತೇವ ಇಳಿಯುತ್ತದೆ. ಮೇಲೆ ಧೂಳು ಮತ್ತು ಬೆರಳಿನ ಎಣ್ಣೆ ಸೇರಿ ಕಣ್ಣಿಗೆ ಕಾಣದ ಪದರ ಕೂರುತ್ತದೆ. ಎರಡು ತಿಂಗಳು ಬಿಸಿಯೇ ಆಗದೆ ಕುಳಿತ ಯಂತ್ರದಲ್ಲಿ ಇದು ಬೇಗ ಆಗುತ್ತದೆ.

ಮೊದಲು ಒಣಗಿಸಿ. ಪ್ಲಗ್ ಕಿತ್ತು, ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದು, ಟೇಬಲ್ ಫ್ಯಾನ್ ಗಾಳಿಗೆ ಎರಡು ಗಂಟೆ ಇಡಿ. ಹೇರ್ ಡ್ರೈಯರ್‌ನ ಬಿಸಿ ಗಾಳಿ ಬೇಡ, ಒಲೆಯ ಪಕ್ಕವೂ ಬೇಡ. ಆಮೇಲೆ ಪ್ಲಗ್ ಹಾಕದೆಯೇ ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ನಂತರ ರ್‍ಯಾಮ್‌ನ ಎರಡು ಬದಿಯ ಕ್ಲಿಪ್ ಅಗಲಿಸಿ ಪಟ್ಟಿ ಎತ್ತಿ. ಮೆತ್ತನೆಯ ಬಿಳಿ ರಬ್ಬರಿನಿಂದ ಚಿನ್ನದ ಅಂಚನ್ನು ಎರಡೂ ಕಡೆ ಹಗುರವಾಗಿ ಉಜ್ಜಿ. ಶಾಯಿ ಅಳಿಸುವ ಒರಟು ರಬ್ಬರ್ ಆದರೆ ಲೇಪವನ್ನೇ ತಿಂದು ಹಾಕುತ್ತದೆ. ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಸ್ಲಾಟನ್ನು ಹೊಸ ಪೇಂಟ್ ಬ್ರಷ್‌ನಿಂದ ಗುಡಿಸಿ. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವವೇ ಇರುವುದು. ಪಟ್ಟಿಯನ್ನು ಮತ್ತೆ ಕೂರಿಸುವಾಗ ಎರಡೂ ಕ್ಲಿಪ್ ಟಕ್ ಎನ್ನಬೇಕು. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟ್‌ನಲ್ಲಿ ಹಾಕಿ ನೋಡಿ. ಕೆಟ್ಟಿರುವುದು ಪಟ್ಟಿಯೋ ಸ್ಲಾಟೋ ಎಂಬುದು ಆಗ ತಿಳಿಯುತ್ತದೆ.

ಇಷ್ಟಾದರೂ ಆಗದಿದ್ದರೆ ಪ್ರೊಸೆಸರ್ ಸುತ್ತ ನಿಂತಿರುವ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಹೊರಬಂದಿದ್ದರೆ ಅದನ್ನು ಬದಲಿಸಬೇಕು: ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳತಡೆ ಕಡಿಮೆ ಇರುವ) ಜಾತಿ. ಬೆಸುಗೆ ಬಲ್ಲ ಟಿವಿ ಮೆಕ್ಯಾನಿಕ್ ಮಾಡಿಕೊಡುತ್ತಾರೆ.

ಮುಂದಿನ ಮಳೆಗಾಲಕ್ಕೆ: ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಹತ್ತಿ ಬಟ್ಟೆ ಸಾಕು. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಅದರ ಸ್ವಂತ ಬಿಸಿಗಿಂತ ಒಳ್ಳೆಯ ಔಷಧ ಬೇರೆ ಇಲ್ಲ.

ಪ್ರಶ್ನೆ: ನಮ್ಮದು ಬೀಪ್ ಇಲ್ಲ, ಫ್ಯಾನೂ ಇಲ್ಲ. ಪೂರ್ತಿ ಸತ್ತಂತಿದೆ.
— ಓದುಗರು, ಶನಿವಾರಸಂತೆ

ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹೊಂದಿಸಿ ಕೊಡುವ ಡಬ್ಬ) ಪರೀಕ್ಷಿಸಿ. ಪ್ಲಗ್ ಕಿತ್ತು, ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರ್ ಬಿಚ್ಚಿ. ಅದರಲ್ಲಿರುವ ಒಂದೇ ಒಂದು ಹಸಿರು ತಂತಿಯ ಪಿನ್ನನ್ನು ಯಾವುದಾದರೂ ಕಪ್ಪು ತಂತಿಯ ಪಿನ್ನಿಗೆ ಸಣ್ಣ ತಂತಿಯಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಿ. ಎಸ್‌ಎಂಪಿಎಸ್‌ನ ಫ್ಯಾನ್ ತಿರುಗಬೇಕು. ಮಲ್ಟಿಮೀಟರ್ ಇದ್ದರೆ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ವೋಲ್ಟ್ ತೋರಿಸಬೇಕು. ಇಲ್ಲದಿದ್ದರೆ ಎಸ್‌ಎಂಪಿಎಸ್ ಬದಲಿಸಿ. ಅದರ ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡಿ. ಒಳಗೆ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಪ್ರಶ್ನೆ: ಪ್ರತಿ ಸಲ ಎಫ್1 ಒತ್ತಬೇಕು. ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ಯಾವ ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂದು ಬರುತ್ತದೆ. ವೈರಸ್ಸೇ?
— ತೋಟದ ರೈಟರ್, ಸುಂಟಿಕೊಪ್ಪ

ವೈರಸ್ ಅಲ್ಲ. ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಹೆಸರು ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೈಟ್‌ಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಯಂತ್ರದ ತಾರೀಖು ಆ ಅವಧಿಯ ಹೊರಗಿದ್ದರೆ ಬ್ರೌಸರ್ ಒಪ್ಪುವುದಿಲ್ಲ.

ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದಾಗ ಗಡಿಯಾರ ಎಸ್‌ಎಂಪಿಎಸ್‌ನ ಕರೆಂಟಿನಲ್ಲೇ ನಡೆಯುತ್ತದೆ, ಬಿಲ್ಲೆಗೆ ಕೆಲಸವಿಲ್ಲ. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುವ, ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಬಿಲ್ಲೆಯೇ ದುಡಿಯಬೇಕು. ಬೇಗ ಸವೆಯುವುದು ಅದಕ್ಕೇ. ಪ್ಲಗ್ ಕೀಳುವುದನ್ನು ನಿಲ್ಲಿಸಬೇಡಿ, ಬಿಲ್ಲೆ ಬದಲಿಸಿ. ಪ್ಲಸ್ ಗುರುತು ಮೇಲಕ್ಕಿರಲಿ.

ಒಂದು ಎಚ್ಚರಿಕೆ. ಬಿಲ್ಲೆ ಸತ್ತಾಗ ಬಯಾಸ್ ಸೆಟ್ಟಿಂಗ್‌ಗಳೆಲ್ಲ ಮೂಲಕ್ಕೆ ಮರಳುತ್ತವೆ. ಸಾಟಾ ಮೋಡ್ (ಹಾರ್ಡ್ ಡಿಸ್ಕಿನೊಂದಿಗೆ ಮಾತಾಡುವ ರೀತಿ) ಮೊದಲು ಎಎಚ್‌ಸಿಐ ಇದ್ದು ಈಗ ಐಡಿಇ ಆಗಿದ್ದರೆ ವಿಂಡೋಸ್ ಶುರುವಾಗದೆ 7ಬಿ ಎಂದು ಕೊನೆಯಾಗುವ ಕೋಡ್‌ನ ನೀಲಿ ಪರದೆ ಬರಬಹುದು. ವಿಂಡೋಸ್ ಮತ್ತೆ ಹಾಕಲು ಹೊರಡಬೇಡಿ. ಬಯಾಸ್‌ಗೆ ಹೋಗಿ ಮೋಡ್ ಬದಲಿಸಿದರೆ ಸರಿಯಾಗುತ್ತದೆ.

ತಾರೀಖು ಸರಿಯಿದ್ದೂ ಸೈಟ್ ತೆರೆಯದಿದ್ದರೆ ಬ್ರೌಸರ್ ಹಳೆಯದು. ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 109. ವಿಂಡೋಸ್ ಎಕ್ಸ್‌ಪಿಯಲ್ಲಿ ಇನ್ನು ಬ್ಯಾಂಕ್ ಕೆಲಸ ಮಾಡಲೇಬೇಡಿ.

ಪ್ರಶ್ನೆ: ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿನ ಸಿಡಿಲಿಗೆ ಎರಡು ವರ್ಷದಲ್ಲಿ ಎರಡು ಮೋಡೆಮ್, ಒಂದು ಮದರ್‌ಬೋರ್ಡ್ ಹೋದವು. ಸ್ಪೈಕ್ ಬಸ್ಟರ್ ಹಾಕಿದ್ದೆವು. ಈ ಸಲ ಇಂಟರ್ನೆಟ್ ಕೇಬಲಿನ ಜಾಗ ಮಾತ್ರ ಸತ್ತಿದೆ.
— ಓದುಗರು, ಸಿದ್ದಾಪುರ

ಸ್ಪೈಕ್ ಬಸ್ಟರ್ ಒಳಗಿರುವ ಎಂಒವಿ ಎಂಬ ಬಿಲ್ಲೆ ಏಕಾಏಕಿ ಏರಿದ ವೋಲ್ಟೇಜನ್ನು ಬದಿಗೆ ತಿರುಗಿಸಿ ಭೂಮಿಗೆ ಹರಿಯಬಿಡಬೇಕು. ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದು ಹರಿಯುವುದಾದರೂ ಎಲ್ಲಿಗೆ? ಮೂರನೇ ತೂತಿಗೆ ತಂತಿಯೇ ಇಲ್ಲದ ಸಾಕೆಟ್‌ಗಳು ಹಳೇ ಮನೆಗಳಲ್ಲಿ ಇರುತ್ತವೆ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನಲ್ಲೇ ಅಳತೆ ಮಾಡಿಸಿ: ಫೇಸ್ ಮತ್ತು ಅರ್ಥ್ ನಡುವೆ ಬರುವ ವೋಲ್ಟೇಜ್ ಫೇಸ್ ಮತ್ತು ನ್ಯೂಟ್ರಲ್ ನಡುವಿನದಕ್ಕೆ ಹತ್ತಿರ ಇರಬೇಕು. ಅರ್ಥ್ ಗುಂಡಿ ಫೆಬ್ರವರಿಯಿಂದ ಒಣಗುತ್ತದೆ, ಸಿಡಿಲು ಬರುವುದು ಅದರ ಬೆನ್ನಿಗೇ. ಗುಂಡಿಗೆ ಆ ತಿಂಗಳುಗಳಲ್ಲಿ ನೀರು ಹಾಕುತ್ತಿರಿ. ಎಂಒವಿಯೂ ಪ್ರತಿ ಏಟಿಗೂ ಸವೆಯುತ್ತದೆ, ಬಸ್ಟರಿನ ದೀಪ ಉರಿಯುತ್ತಿದೆ ಎಂದು ನಂಬಬೇಡಿ.

ಅಷ್ಟೆಲ್ಲ ಮಾಡಿದರೂ ಹತ್ತಿರದ ಸಿಡಿಲಿಗೆ ಯಾವ ಬಸ್ಟರೂ ತಡೆಯಲ್ಲ. ತೋಟದ ಮನೆಗೆ ಲೈನ್ ಮರಗಳ ನಡುವೆ ಬಹು ದೂರ ಬರುತ್ತದೆ, ಅಷ್ಟು ಉದ್ದದ ತಂತಿಯಲ್ಲಿ ಎಲ್ಲಿ ಬಿದ್ದರೂ ಏಟು ಒಳಗೆ ಬರುತ್ತದೆ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟುವಾಗಲೇ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಅಂತರವನ್ನು ಸಿಡಿಲು ಲೆಕ್ಕಕ್ಕಿಡುವುದಿಲ್ಲ. ಪವರ್ ಪ್ಲಗ್ ಜೊತೆಗೆ ಫೋನ್ ಲೈನ್ ಅಥವಾ ಇಂಟರ್ನೆಟ್ ಕೇಬಲ್ ಕೂಡ ಕೀಳಿ. ನಿಮ್ಮ ಮೋಡೆಮ್‌ಗಳು ಆ ದಾರಿಯಲ್ಲೇ ಹೋಗಿರುವ ಸಂಭವ ಹೆಚ್ಚು. ಫೈಬರ್ ಆದರೆ ಗಾಜಿನ ಎಳೆ ಕರೆಂಟ್ ಒಯ್ಯುವುದಿಲ್ಲ, ನಿಜ. ಆದರೆ ಆಧಾರಕ್ಕೆಂದು ಉಕ್ಕಿನ ತಂತಿ ಇರುವ ಕೇಬಲ್‌ಗಳೂ ಇವೆ, ಮೋಡೆಮ್ ಪೆಟ್ಟಿಗೆಯ ಅಡಾಪ್ಟರ್ ಹೇಗೂ ಗೋಡೆಯ ಸಾಕೆಟ್‌ನಲ್ಲೇ ಇರುತ್ತದೆ.

ಸತ್ತಿರುವ ಲ್ಯಾನ್ ಪೋರ್ಟ್ ಬಗ್ಗೆ: ಬೇರೆ ಕೇಬಲ್, ಮೋಡೆಮ್‌ನ ಬೇರೆ ಪೋರ್ಟ್ ಹಾಕಿ ನೋಡಿ. ಆದರೂ ದೀಪ ಮಿನುಗದಿದ್ದರೆ ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಡಿಸೇಬಲ್ ಮಾಡಿ, ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಹಾಕಿ. ಮದರ್‌ಬೋರ್ಡ್ ಬದಲಿಸಬೇಕಿಲ್ಲ.

ಹಿಂದಿನ ಸಲ ಹೋದ ಯಂತ್ರದ ಹಾರ್ಡ್ ಡಿಸ್ಕ್ ಎಸೆದಿಲ್ಲ ತಾನೇ? ಬೋರ್ಡ್ ಸುಟ್ಟರೂ ಡಿಸ್ಕ್ ಉಳಿದಿರುವುದುಂಟು. ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಹಾಕಿ ನೋಡಿ. ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು.

ಪ್ರಶ್ನೆ: ಯುಪಿಎಸ್ ಇದ್ದರೂ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್. ಬ್ಯಾಟರಿಗೆ ಒಂದೂವರೆ ವರ್ಷವೂ ಆಗಿಲ್ಲ.
— ಓದುಗರು, ಗೋಣಿಕೊಪ್ಪಲು

600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿ. ಪೂರ್ತಿ ಖಾಲಿಯಾಗಿ ಹಾಗೇ ಕುಳಿತರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಕರೆಂಟ್ ಹೋದಾಗ ಕಂಪ್ಯೂಟರ್ ಮಾತ್ರ ಆಫ್ ಮಾಡಿ ಯುಪಿಎಸ್ ಆನ್ ಬಿಟ್ಟರೆ ಆಗುವುದು ಇದೇ. ಯುಪಿಎಸ್ ಗುಂಡಿಯನ್ನೂ ಒತ್ತಿ ಆಫ್ ಮಾಡಿ.

ಹತ್ತು ಗಂಟೆ ಚಾರ್ಜ್ ಮಾಡಿ, ಪ್ಲಗ್ ಕಿತ್ತು ಕೆಲವು ಗಂಟೆ ಬಿಟ್ಟು ಬ್ಯಾಟರಿ ಅಳೆಯಿರಿ. 12.6ರ ಮೇಲಿದ್ದರೆ ಚೆನ್ನ, 12ಕ್ಕಿಂತ ಕೆಳಗಾದರೆ ಬದಲಿಸಿ. ವೋಲ್ಟ್ ಚೆನ್ನಾಗಿ ತೋರಿಸಿಯೂ ಭಾರಕ್ಕೆ ಕುಸಿಯುವ ಬ್ಯಾಟರಿ ಇರುತ್ತದೆ, ಆದ್ದರಿಂದ 60 ವ್ಯಾಟ್ ಹಳೇ ಬಲ್ಬನ್ನು ಯುಪಿಎಸ್‌ಗೆ ಹಾಕಿ ಗೋಡೆಯ ಪ್ಲಗ್ ಕೀಳಿ. ಹತ್ತು ನಿಮಿಷವೂ ಉರಿಯದಿದ್ದರೆ ಬ್ಯಾಟರಿ ಮುಗಿದಿದೆ. ಹೆಚ್ಚು ಹೊತ್ತು ಬರಲೆಂದು ಕಾರಿನ ಬ್ಯಾಟರಿ ಕಟ್ಟಬೇಡಿ, ಒಳಗಿನ ಸಣ್ಣ ಚಾರ್ಜರ್‌ಗೆ ಅದು ತುಂಬುವುದಿಲ್ಲ. ಲೇಸರ್ ಪ್ರಿಂಟರನ್ನೂ ಯುಪಿಎಸ್‌ಗೆ ಹಾಕಬೇಡಿ. ಶಾಯಿಪುಡಿ ಕರಗಿಸುವ ಹೀಟರ್ ನೂರಾರು ವ್ಯಾಟ್ ಎಳೆಯುತ್ತದೆ.

ಸಂಜೆ ಹೊತ್ತು ಕರೆಂಟ್ ಇದ್ದರೂ ಯುಪಿಎಸ್ ಟಿಕ್ ಟಿಕ್ ಎನ್ನುತ್ತಿದ್ದರೆ ಲೈನ್ ವೋಲ್ಟೇಜ್ ಕುಸಿದಿದೆ ಎಂದರ್ಥ. ಆಗ ಅದು ಬ್ಯಾಟರಿಯಲ್ಲೇ ಓಡುತ್ತಿರಬಹುದು. ಮೊದಲು ಸ್ಟೆಬಿಲೈಜರ್, ಆಮೇಲೆ ಹೊಸ ಬ್ಯಾಟರಿ. ಹಳೆಯದನ್ನು ತೋಟಕ್ಕೆ ಎಸೆಯಬೇಡಿ, ಸೀಸ ಮಣ್ಣಿಗಿಳಿಯುತ್ತದೆ. ಮಾರಿದ ಅಂಗಡಿಗೇ ಹಿಂತಿರುಗಿಸಿ.

ಪ್ರಶ್ನೆ: ಹೋಂಸ್ಟೇ ಲೆಕ್ಕದ ಕಂಪ್ಯೂಟರ್ 2013ರದು. ಐ3, 4 ಜಿಬಿ ರ್‍ಯಾಮ್, ವಿಂಡೋಸ್ 10. ಆನ್ ಆಗಲು ಐದು ನಿಮಿಷ ಬೇಕು. ಹೊಸದು ಕೊಳ್ಳಬೇಕೆ?
— ಓದುಗರು, ಮಡಿಕೇರಿ

ಕೊಳ್ಳುವ ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಎಡಗಡೆ 05, ಸಿ5, ಸಿ6 ಎಂಬ ಸಾಲುಗಳ ಕಚ್ಚಾ ಅಂಕಿ ಸೊನ್ನೆ ಇರಬೇಕು. ಸಿ5 ಏರುತ್ತಿದ್ದರೆ ಅಂದೇ ಕಡತಗಳನ್ನು ಬೇರೆಡೆಗೆ ನಕಲು ಮಾಡಿ. ಅದಕ್ಕೂ ಮೊದಲು ವಿಂಡೋಸ್‌ನ ಚೆಕ್ ಡಿಸ್ಕ್ ಪರೀಕ್ಷೆ ಓಡಿಸಬೇಡಿ, ಸಾಯುತ್ತಿರುವ ಡಿಸ್ಕನ್ನು ಅದು ಗಂಟೆಗಟ್ಟಲೆ ಉಜ್ಜಿ ಪೂರ್ತಿ ಮುಗಿಸಬಹುದು.

ನಂತರ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿ. 2013ರ ಯಂತ್ರಕ್ಕೆ ಹೆಚ್ಚಾಗಿ ಡಿಡಿಆರ್3 ಬೇಕು, ಡಿಡಿಆರ್4 ಕೂರುವುದಿಲ್ಲ. ವೇಗದ ವ್ಯತ್ಯಾಸ ಹೆಚ್ಚು ಕಾಣುವುದು ಎಸ್‌ಎಸ್‌ಡಿಯಲ್ಲಿ, ಹಣ ಒಂದಕ್ಕೇ ಸಾಲುವುದಾದರೆ ಅದನ್ನೇ ಆರಿಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಮತ್ತು ಹೊಸ ಪ್ರೊಸೆಸರ್ ನಿಮ್ಮಲ್ಲಿಲ್ಲ. ಬ್ರೌಸರ್, ಮೇಲ್, ಲೆಕ್ಕದ ಹಾಳೆ ಇಷ್ಟೇ ಕೆಲಸವಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಸಾಕು. 8 ಜಿಬಿ ಪೆನ್ ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್ ಮತ್ತು ವೈಫೈ ಸಿಗುತ್ತದೆಯೇ ನೋಡಿ, ಆಮೇಲೆ ಹಾಕಿ. ವಿಂಡೋಸ್ ಬೇಡುವ ಟ್ಯಾಲಿ ಲೆಕ್ಕದ ತಂತ್ರಾಂಶ ಬಳಸುವವರಿಗೆ ಈ ದಾರಿ ಹೇಳುವುದಿಲ್ಲ.

ಪ್ರಶ್ನೆ: ಸಂಘದ ನಡಾವಳಿಗಳನ್ನು 2006ರಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೇವೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳು. ಕಡತ ಹಾಳಾಯಿತೇ?
— ಓದುಗರು, ಸೋಮವಾರಪೇಟೆ

ಒಂದಕ್ಷರವೂ ಹಾಳಾಗಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟ್‌ಗಳಲ್ಲಿ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಆ ಸಂಕೇತಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಬಟ್ಟೆ ಕಳಚಿದ ಸಂಕೇತ ಕಾಣುತ್ತದೆ, ಅಷ್ಟೇ.

ಹಳೆಯ ಯಂತ್ರ ಇನ್ನೂ ಓಡುತ್ತಿದ್ದರೆ ಎರಡು ಕೆಲಸ ಈಗಲೇ ಮಾಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ನುಡಿ ಎಂದು ಶುರುವಾಗುವ ಎಲ್ಲ ಫಾಂಟ್‌ಗಳನ್ನು ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಪ್ರತಿ ಕಡತದ ಪಿಡಿಎಫ್ ಮಾಡಿಡಿ, ಅದರೊಳಗೆ ಫಾಂಟ್ ಸೇರಿಕೊಳ್ಳುವುದರಿಂದ ಮುಂದೆ ಯಾವ ಯಂತ್ರದಲ್ಲೂ ಓದಬಹುದು. ಸಿಡಿಯಲ್ಲಿಟ್ಟ ಪ್ರತಿಗಳಿದ್ದರೆ ಅವನ್ನೂ ಇಳಿಸಿಕೊಳ್ಳಿ, ನಮ್ಮ ಹವೆಯಲ್ಲಿ ಸಿಡಿಗೆ ಬೂಸ್ಟು ಹಿಡಿಯಲು ಹೆಚ್ಚು ಕಾಲ ಬೇಡ.

ಆಮೇಲೆ ಮೂಲವನ್ನು ಮುಟ್ಟದೆ, ಅದರ ನಕಲೊಂದನ್ನು ಮಾಡಿ ಆ ನಕಲನ್ನು ಯೂನಿಕೋಡ್‌ಗೆ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಪರಿವರ್ತಿಸಿ. ಪರಿವರ್ತಕ ಹೊಸ ನುಡಿಯಲ್ಲೇ ಇದೆ. ಎಡವುವ ಜಾಗಗಳು ಇವು: ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಬಹುದು, ಅರ್ಕಾವತ್ತು ಸ್ಥಾನ ತಪ್ಪಬಹುದು, ಎಕ್ಸೆಲ್ ಹಾಳೆಯಲ್ಲಿ ಅಂಕಿಯ ಕಾಲಂ ಮತ್ತು ಅಕ್ಷರದ ಕಾಲಂ ಬೆರೆಯಬಹುದು. ಎಕ್ಸೆಲ್‌ನಲ್ಲಿ ಒಂದೊಂದೇ ಕಾಲಂ ಪರಿವರ್ತಿಸಿ. ಸದಸ್ಯರ ಹೆಸರು, ಮನೆ ಹೆಸರು, ಸರ್ವೆ ನಂಬರ್ ಇವನ್ನು ಪಿಡಿಎಫ್ ಪಕ್ಕಕ್ಕಿಟ್ಟು ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ. ಬೇಸರದ ಕೆಲಸ, ಆದರೆ ಒಮ್ಮೆ ಮುಗಿದರೆ ಹದಿನೆಂಟು ಇಪ್ಪತ್ತು ವರ್ಷದ ನಡಾವಳಿಯಲ್ಲಿ ಯಾವ ಹೆಸರನ್ನಾದರೂ ಹುಡುಕಬಹುದು.

ಪ್ರಶ್ನೆ: ಜುಲೈ ಬಂದರೆ ಲೇಸರ್ ಪ್ರಿಂಟರ್ ಕಾಗದ ನುಂಗುತ್ತದೆ, ಅಕ್ಷರ ಅಲ್ಲಲ್ಲಿ ಬಿಳಿಚುತ್ತದೆ. ಟೋನರ್ ಹೊಸದೇ.
— ಓದುಗರು, ನಾಪೋಕ್ಲು

ಟೋನರ್ ತಪ್ಪಲ್ಲ, ಕಾಗದ ಒದ್ದೆ. ಶಾಯಿಪುಡಿ ಕಾಗದಕ್ಕೆ ಹಾರುವುದು ವಿದ್ಯುತ್ ಸೆಳೆತದಿಂದ. ತೇವದ ಕಾಗದದಲ್ಲಿ ಆ ಸೆಳೆತ ಸೋರಿಹೋಗುತ್ತದೆ. ಟ್ರೇಯಲ್ಲಿ ಬೇಕಾದ 20 ಹಾಳೆ ಮಾತ್ರ ಇಡಿ, ಉಳಿದ ಕಟ್ಟನ್ನು ಅದರದೇ ಹೊದಿಕೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ರಾತ್ರಿ ಟ್ರೇಯಲ್ಲಿ ಉಳಿದ ಹಾಳೆಗಳೂ ಡಬ್ಬಿಗೇ ಹೋಗಲಿ.