ಕೇಳಿ ತಿಳಿಯೋಣ: ಸಭಾಪಾಲಕರ ಓದು

ಸಭಾಪಾಲಕರ (ಪಾಸ್ಟರ್‌ಗಳ) ಪುಸ್ತಕ ಓದಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ವಾರಕ್ಕೆ ಎರಡು ಪ್ರಸಂಗ (ಪ್ರವಚನ), ಒಂದು ಬೈಬಲ್ ಅಧ್ಯಯನ, ಮನೆ ಭೇಟಿ, ಆಸ್ಪತ್ರೆ ಭೇಟಿ. ಮುಂದಿನ ಭಾನುವಾರಕ್ಕೆ ಬೇಕಾದದ್ದನ್ನು ಬಿಟ್ಟು ಬೇರೇನೂ ಓದಲು ಆಗುತ್ತಿಲ್ಲ. ಒಂದು ಪುಸ್ತಕವನ್ನು ಪೂರ್ತಿ ಓದಿ ವರ್ಷಗಳೇ ಆದವು. – ಒಬ್ಬ ಸಭಾಪಾಲಕ

ಉತ್ತರ: ಪ್ರಸಂಗಕ್ಕಾಗಿ ಓದುವುದು ಬೇರೆ, ಸಭೆಗಾಗಿ ಓದುವುದು ಬೇರೆ. ಪ್ರಸಂಗಕ್ಕೆಂದು ಪುಸ್ತಕ ತೆರೆದಾಗ ಕಣ್ಣು ಒಂದು ವಾಕ್ಯಭಾಗಕ್ಕೆ ಒದಗುವುದನ್ನೇ ಹುಡುಕುತ್ತದೆ. ಮಿಕ್ಕದ್ದು ಎದುರಿಗಿದ್ದರೂ ಕಾಣುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಯಾವ ಅಧ್ಯಾಯದಿಂದ ಹೊರಟರೂ ಪ್ರಸಂಗ ಅದೇ ನಾಲ್ಕೈದು ಮಾತುಗಳಿಗೆ ಬಂದು ನಿಲ್ಲುತ್ತದೆ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಮಗುವನ್ನು ಕಳೆದುಕೊಂಡ ತಾಯಿ ಮಂಗಳವಾರ ಕೇಳುವ ಪ್ರಶ್ನೆ ಭಾನುವಾರದ ವಾಕ್ಯಭಾಗಕ್ಕೆ ಹೊಂದಿಕೊಂಡು ಬರುವುದಿಲ್ಲ. ಆ ಹೊತ್ತಿಗೆ ಉತ್ತರ ಹುಡುಕಲು ಕೂತರೆ ತಡವಾಯಿತು. ಅದಕ್ಕೆ ಬೇಕಾದ ಓದು ಎರಡು ವರ್ಷ ಮೊದಲೇ ಆಗಿರಬೇಕು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 15 ಪುಟದಂತೆ ವಾರಕ್ಕೆ ಐದು ದಿನ ಓದಿದರೆ 75 ಪುಟ. 300 ಪುಟದ ಪುಸ್ತಕ ನಾಲ್ಕು ವಾರಕ್ಕೆ ಮುಗಿಯುತ್ತದೆ. ಸುಮಾರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ಕೆಲಸ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಫೋನ್ ಕೈಗೆತ್ತಿಕೊಳ್ಳುವ ಮೊದಲು ಇದು ನಡೆದರೆ ನಡೆಯಿತು. ‘ರಾತ್ರಿ ಓದುತ್ತೇನೆ’ ಎಂದವರ ಓದು ಸಾಮಾನ್ಯವಾಗಿ ಎರಡನೇ ವಾರಕ್ಕೇ ನಿಲ್ಲುತ್ತದೆ. ಶನಿವಾರವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅಂದು ಕೈಗೆತ್ತಿಕೊಂಡ ಪುಸ್ತಕ ಹೇಗೂ ಪ್ರಸಂಗದೊಳಗೆ ನುಸುಳುತ್ತದೆ.

ಏಕಕಾಲಕ್ಕೆ ಎರಡು ಪುಸ್ತಕ ಸಾಕು: ದೇವಶಾಸ್ತ್ರದ್ದೊಂದು, ಸಭಾಜೀವನದ್ದೊಂದು. ಏಳು ಪುಸ್ತಕ ಒಟ್ಟಿಗೆ ಶುರುಮಾಡಿ ಒಂದನ್ನೂ ಮುಗಿಸದಿರುವುದೇ ಎಲ್ಲೆಡೆ ಕಾಣುವ ತೊಂದರೆ. ಕಾಲುಭಾಗ ಓದಿದರೂ ಏನೂ ದಕ್ಕದ ಪುಸ್ತಕವನ್ನು ಸಂಕೋಚವಿಲ್ಲದೆ ಬದಿಗಿಡಿ.

ಓದಿಗೆ ಸಮಯ ಕೊಡುವುದು ಸೇವೆಯಿಂದ ಕದ್ದ ಸಮಯವೇನೋ ಎಂಬ ಅಳುಕಿದ್ದರೆ 2 ತಿಮೊಥೆಯ 4 ತೆರೆಯಿರಿ. ತನ್ನ ಮರಣ ಹತ್ತಿರವಾಯಿತೆಂದು ಆರನೇ ವಚನದಲ್ಲಿ ಹೇಳಿದ ಪೌಲನೇ ಹದಿಮೂರನೇ ವಚನದಲ್ಲಿ ಮೇಲಂಗಿಯ ಜೊತೆಗೆ ಪುಸ್ತಕಗಳನ್ನೂ ತರಿಸಿಕೊಳ್ಳುತ್ತಾನೆ.

ಪ್ರಶ್ನೆ: ದೇವಶಾಸ್ತ್ರದ ದಪ್ಪ ಪುಸ್ತಕವೊಂದನ್ನು ಮೂರು ಸಲ ಶುರುಮಾಡಿ ಮೂರು ಸಲವೂ ನೂರು ಪುಟದೊಳಗೆ ಬಿಟ್ಟಿದ್ದೇನೆ. ಎಲ್ಲಿಂದ ಆರಂಭಿಸಬೇಕು? – ಗ್ರಾಮ ಸಭೆಯ ಸೇವಕ

ಉತ್ತರ: ನೀವು ಬಿಟ್ಟ ಜಾಗ ಯಾವುದೆಂದು ಊಹಿಸಬಹುದು. ಇಂಥ ಪುಸ್ತಕಗಳು ಬಹುಮಟ್ಟಿಗೆ ‘ದೇವಶಾಸ್ತ್ರವೆಂದರೇನು, ದೇವರನ್ನು ತಿಳಿಯಲು ಸಾಧ್ಯವೇ, ಪ್ರಕಟನೆ ಎಂದರೇನು’ ಎಂಬ ಚರ್ಚೆಯಿಂದ ಆರಂಭವಾಗುತ್ತವೆ. ಅದು ಬೇಕಾದದ್ದೇ, ಆದರೆ ಹೊಸಬರಿಗೆ ಅದೇ ಎಲ್ಲಕ್ಕಿಂತ ಕಠಿಣ ಭಾಗ. ಕ್ರಿಸ್ತನ ಕುರಿತ ಅಧ್ಯಾಯಗಳಿಗೆ ನೇರವಾಗಿ ಹೋಗಿ. ಅಲ್ಲಿಂದ ರಕ್ಷಣೆ, ಸಭೆ, ಆಮೇಲೆ ದೇವರ ಗುಣಲಕ್ಷಣಗಳು. ಮೊದಲ ನೂರು ಪುಟ ಕೊನೆಗಿರಲಿ.

ಅದಕ್ಕೂ ಮೊದಲು, ನಂಬಿಕೆಯ ಮೂಲ ಬೋಧನೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ ಒಂದು ಪ್ರಶ್ನೋತ್ತರಮಾಲೆಯನ್ನು ಓದುವುದು ಒಳ್ಳೆಯದು. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರಮಾಲೆಯಲ್ಲಿ 129 ಪ್ರಶ್ನೆಗಳಿವೆ, ಅವನ್ನು 52 ಭಾನುವಾರಗಳಿಗೆ ಹಂಚಲಾಗಿದೆ. ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ ಎಂಬ ಮೂರು ಭಾಗಗಳು ಮನಸ್ಸಿನಲ್ಲಿ ಕೂತರೆ ದೊಡ್ಡ ಪುಸ್ತಕದ ಯಾವ ಅಧ್ಯಾಯ ಎಲ್ಲಿಗೆ ಸೇರುತ್ತದೆಂದು ತಿಳಿಯುತ್ತದೆ. ನಿಮ್ಮದು ಲೂಥರನ್ ಸಭೆಯಾದರೆ ಲೂಥರನು 1529ರಲ್ಲಿ ಬರೆದ ಕಿರು ಪ್ರಶ್ನೋತ್ತರಮಾಲೆ ಇನ್ನೂ ಚಿಕ್ಕದು.

ದಪ್ಪ ಪುಸ್ತಕಗಳೂ ದಪ್ಪವಾಗಿ ಹುಟ್ಟಿದವಲ್ಲ. ಸಭಾಸುಧಾರಕ ಕ್ಯಾಲ್ವಿನನ ‘ಇನ್‌ಸ್ಟಿಟ್ಯೂಟ್ಸ್’ 1536ರಲ್ಲಿ ಬಂದಾಗ ಆರೇ ಅಧ್ಯಾಯಗಳ ಕೃತಿ. 1559ರ ಕೊನೆಯ ಲ್ಯಾಟಿನ್ ಆವೃತ್ತಿ ನಾಲ್ಕು ಭಾಗ, 80 ಅಧ್ಯಾಯಗಳಿಗೆ ಬೆಳೆಯಿತು. ಬರೆದವನಿಗೇ ಇಪ್ಪತ್ತಮೂರು ವರ್ಷ ಹಿಡಿದದ್ದನ್ನು ನಾವು ಒಂದು ಬೇಸಿಗೆಯಲ್ಲಿ ಮುಗಿಸಬೇಕಿಲ್ಲ.

ಪ್ರಶ್ನೆ: ‘ಅಗಾಪೆ ಎಂದರೆ ದೈವಿಕ ಪ್ರೀತಿ, ಫಿಲಿಯೋ ಎಂದರೆ ಬರೀ ಮನುಷ್ಯ ಸ್ನೇಹ’ ಎಂದು ಹಲವು ಪುಸ್ತಕಗಳಲ್ಲಿ ಓದಿದ್ದೇನೆ. ಪ್ರಸಂಗದಲ್ಲೂ ಹೇಳಿದ್ದೇನೆ. ಅದು ತಪ್ಪೆಂದು ಒಬ್ಬರು ಹೇಳಿದರು. ಗ್ರೀಕ್ ಬಾರದವರು ಇದನ್ನು ಪರೀಕ್ಷಿಸುವುದು ಹೇಗೆ? – ಸಹಾಯಕ ಸಭಾಪಾಲಕ

ಉತ್ತರ: ಹಾಗೆ ಹೇಳಿದವರ ಮಾತು ಸರಿ. ಯೋಹಾನ 3:35ರಲ್ಲಿ ತಂದೆಯು ಮಗನನ್ನು ಪ್ರೀತಿಸುತ್ತಾನೆ ಎನ್ನುವಲ್ಲಿ ಅಗಾಪೆಗೆ ಸೇರಿದ ಕ್ರಿಯಾಪದವಿದೆ. ಅದೇ ಮಾತು 5:20ರಲ್ಲಿ ಬಂದಾಗ ಇರುವುದು ಫಿಲಿಯೋ. ತಂದೆಯ ಪ್ರೀತಿ ಎರಡು ಅಧ್ಯಾಯಗಳ ನಡುವೆ ಕಡಿಮೆಯಾಗಲಿಲ್ಲವಷ್ಟೆ. ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದ ಎನ್ನುವ 2 ತಿಮೊಥೆಯ 4:10ರಲ್ಲಿ ಇರುವುದೂ ಅಗಾಪೆಯ ಕ್ರಿಯಾಪದವೇ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವಂತೂ 2 ಸಮುವೇಲ 13:15ರಲ್ಲಿ ತಾಮಾರಳ ಮೇಲೆ ಅಮ್ನೋನನಿಗಿದ್ದ ಕಾಮವನ್ನೂ ಇದೇ ಪದದಿಂದ ಹೇಳುತ್ತದೆ.

ಯೋಹಾನ 21ರಲ್ಲಿ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಯೇಸು ಪೇತ್ರನನ್ನು ಮೂರು ಸಲ ಕೇಳುವಾಗ ಪದ ಬದಲಾಗುತ್ತದೆ ಎಂಬುದು ನಿಜ. ಆದರೆ ಅದೇ ವಚನಗಳಲ್ಲಿ ಕುರಿಮರಿ ಕುರಿಯಾಗುತ್ತದೆ, ಮೇಯಿಸುವುದಕ್ಕೂ ತಿಳಿಯುವುದಕ್ಕೂ ಎರಡೆರಡು ಪದಗಳು ಬರುತ್ತವೆ. ಮಿಕ್ಕವನ್ನೆಲ್ಲ ಬಿಟ್ಟು ಪ್ರೀತಿಯ ಪದವೊಂದರ ಮೇಲೆ ಇಡೀ ಪ್ರಸಂಗ ಕಟ್ಟಿದರೆ ಪೇತ್ರನ ನೋವಿಗೆ ಯೋಹಾನನೇ ಬರೆದಿಟ್ಟ ಕಾರಣ ಮರೆಯಾಗುತ್ತದೆ: ಯೇಸು ಮೂರನೆಯ ಸಲವೂ ಕೇಳಿದನಲ್ಲಾ ಎಂದು ಅವನು ದುಃಖಪಟ್ಟನು. ಮೂರು ಸಲ ಅಲ್ಲಗಳೆದವನಿಗೆ ಆ ಎಣಿಕೆಯೇ ಸಾಕಿತ್ತು.

ಇದೇ ಬಗೆಯ ಇನ್ನೊಂದು ತಪ್ಪು ರೋಮಾಪುರದವರಿಗೆ 1:16ರ ‘ದುನಾಮಿಸ್’ (ಶಕ್ತಿ) ಎಂಬ ಪದವನ್ನು ಡೈನಮೈಟ್ ಎಂದು ವಿವರಿಸುವುದು. ಡೈನಮೈಟ್ ಬಂದದ್ದು 1867ರಲ್ಲಿ. ಪೌಲನ ಮನಸ್ಸಿನಲ್ಲಿ ಸಿಡಿಮದ್ದು ಇರಲು ಸಾಧ್ಯವೇ ಇಲ್ಲ. ಸಭೆಗೆ ಬಳಸುವ ‘ಎಕ್ಲೆಸಿಯ’ ಎಂದರೆ ‘ಹೊರಗೆ ಕರೆಯಲ್ಪಟ್ಟವರು’ ಎಂಬ ವಿವರಣೆಯೂ ಪದವನ್ನು ಬಿಡಿಸಿ ತೆಗೆದ ಅರ್ಥ. ಅಪೊಸ್ತಲರ ಕೃತ್ಯಗಳು 19:32ರಲ್ಲಿ ಎಫೆಸದಲ್ಲಿ ಗದ್ದಲವೆಬ್ಬಿಸಿದ ಗುಂಪಿಗೂ ಅದೇ ಪದವಿದೆ. ಪದದ ಅರ್ಥವನ್ನು ತೀರ್ಮಾನಿಸುವುದು ಅದರ ಬಳಕೆ, ಅದರ ಬೇರಲ್ಲ.

ಗ್ರೀಕ್ ಬಾರದಿದ್ದರೂ ಪರೀಕ್ಷಿಸಬಹುದು. ಮೂಲಭಾಷೆಯ ಪದಗಳಿಗೆ ಸಂಖ್ಯೆ ಕೊಟ್ಟಿರುವ ಪದಾನುಕ್ರಮಣಿಕೆಯನ್ನು (ಬೈಬಲಿನ ಯಾವ ಪದ ಯಾವ ವಚನಗಳಲ್ಲಿದೆ ಎಂಬ ಪಟ್ಟಿ) ತೆಗೆದುಕೊಂಡು ಆ ಪದ ಬರುವ ಕನಿಷ್ಠ ಹತ್ತು ವಚನಗಳನ್ನು ನೋಡಿ. ಪುಸ್ತಕ ಹೇಳಿದ ಅರ್ಥವನ್ನು ಆ ಹತ್ತರಲ್ಲೂ ಇಟ್ಟು ಓದಿ. ಎರಡು ಕಡೆ ಹೊಂದದಿದ್ದರೂ ‘ಈ ಪದದ ಅರ್ಥವೇ ಇದು’ ಎಂದು ಪೀಠದಿಂದ ಹೇಳಬೇಡಿ. ಈಗಾಗಲೇ ಹೇಳಿಬಿಟ್ಟಿದ್ದರೆ ಬೈಬಲ್ ಅಧ್ಯಯನದಲ್ಲಿ ಎರಡು ಮಾತಿನಲ್ಲಿ ತಿದ್ದಿಬಿಡಿ. ದೇವರ ಪ್ರೀತಿಯ ಬಗ್ಗೆ ನೀವು ಹೇಳಿದ್ದು ಸುಳ್ಳಾಗುವುದಿಲ್ಲ. ಅದಕ್ಕೆ ಆಧಾರ ರೋಮಾಪುರದವರಿಗೆ 5:8ರಂಥ ಇಡೀ ವಾಕ್ಯಗಳಲ್ಲಿದೆ, ಒಂಟಿ ಪದದಲ್ಲಲ್ಲ.

ಪ್ರಶ್ನೆ: ವಿಶ್ವಾಸಿಗಳು ಯಾವುದೋ ಪುಸ್ತಕ ತಂದು ‘ಇದು ಓದಬಹುದಾ ಪಾಸ್ಟರ್?’ ಎಂದು ಕೇಳುತ್ತಾರೆ. ಎಲ್ಲವನ್ನೂ ಪೂರ್ತಿ ಓದಲು ಆಗುವುದಿಲ್ಲ. – ಸಭಾಪಾಲಕ

ಉತ್ತರ: ಒಂದು ಗಂಟೆ ಸಾಕು. ಮುನ್ನುಡಿ, ಪರಿವಿಡಿ, ಕೊನೆಯ ಅಧ್ಯಾಯ ಓದಿ. ಆಮೇಲೆ ಅತಿ ಹೆಚ್ಚು ಸಲ ಬರುವ ಮೂರು ವಚನಗಳನ್ನು ಗುರುತಿಸಿ, ಬೈಬಲಿನಲ್ಲಿ ಆ ಇಡೀ ಅಧ್ಯಾಯಗಳನ್ನು ಓದಿ. ಒಳ್ಳೆಯ ಭವಿಷ್ಯದ ವಾಗ್ದಾನವಾದ ಯೆರೆಮೀಯ 29:11 ಇದ್ದರೆ ಅದರ ಹಿಂದಿನ ವಚನದ ಎಪ್ಪತ್ತು ವರ್ಷಗಳ ಸೆರೆವಾಸವನ್ನು ಲೇಖಕರು ಹೇಳಿದ್ದಾರೆಯೇ? ಮಾರ್ಕ 10:30ರಲ್ಲಿ ನೂರರಷ್ಟು ಸಿಗುವುದನ್ನು ಹೇಳಿ ‘ಹಿಂಸೆಗಳ ಸಹಿತ’ ಎಂಬುದನ್ನು ಬಿಟ್ಟಿದ್ದಾರೆಯೇ? 3 ಯೋಹಾನ 2ನೇ ವಚನ ಗಾಯನೆಂಬ ಒಬ್ಬ ವಿಶ್ವಾಸಿಗೆ ಬರೆದ ಪತ್ರದ ಕುಶಲ ಹಾರೈಕೆ. ಅದನ್ನು ಎಲ್ಲ ವಿಶ್ವಾಸಿಗಳಿಗೂ ಐಶ್ವರ್ಯದ ವಾಗ್ದಾನ ಮಾಡಿದ್ದರೆ ಉಳಿದ ಪುಟಗಳಲ್ಲೂ ಎಚ್ಚರ ಬೇಕು. ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಪ್ರಾರ್ಥಿಸಿಯೂ ಗುಣವಾಗದ ರೋಗಿ ಇದನ್ನು ಓದಿದರೆ ಕ್ರಿಸ್ತನ ಹತ್ತಿರ ಬರುತ್ತಾನೋ, ತನ್ನ ನಂಬಿಕೆ ಸಾಲದೆಂಬ ಅಪರಾಧ ಹೊತ್ತು ಒಬ್ಬಂಟಿಯಾಗುತ್ತಾನೋ?

ಬೇರೆ ಪಂಗಡದವರು ಬರೆದದ್ದು ಎಂಬುದೊಂದೇ ಪುಸ್ತಕವನ್ನು ತಳ್ಳಲು ಕಾರಣವಲ್ಲ. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬೇಕೇ ಎಂಬಲ್ಲಿ ನಮಗೂ ಅವರಿಗೂ ಭಿನ್ನಾಭಿಪ್ರಾಯವಿರಬಹುದು. ಆದರೆ ಕ್ರಿಸ್ತನು ನಿಜ ದೇವರೂ ನಿಜ ಮನುಷ್ಯನೂ ಎಂಬುದರಲ್ಲಿ ತಪ್ಪಿದರೆ, 325ರ ನೈಸಿಯ, 381ರ ಕಾನ್‌ಸ್ಟಾಂಟಿನೋಪಲ್, 451ರ ಕಾಲ್ಸಿಡನ್ ಮಹಾಸಭೆಗಳು ಕಾಪಾಡಿದ ಬುನಾದಿಯೇ ಕದಲುತ್ತದೆ. ‘ಓದಬೇಡಿ’ ಎಂದಷ್ಟೇ ಹೇಳಿ ಕಳಿಸಬೇಡಿ. ಎಡವಿದ ಒಂದು ಪುಟವನ್ನು ತೆರೆದು, ಪಕ್ಕದಲ್ಲಿ ಬೈಬಲ್ ಇಟ್ಟು ತೋರಿಸಿ. ಮುಂದಿನ ಪುಸ್ತಕವನ್ನು ಅವರೇ ತೂಗಿ ನೋಡಬಲ್ಲರು.

ಪ್ರಶ್ನೆ: ಸಭಾಜೀವನದ ಪುಸ್ತಕ ಓದಿದಾಗಲೆಲ್ಲ ನಮ್ಮ ಪಾಸ್ಟರ್ ಹೊಸದೊಂದು ಬದಲಾವಣೆ ತರುತ್ತಾರೆ. ಮೂರು ವರ್ಷದಲ್ಲಿ ನಾಲ್ಕು ಬಗೆಯ ಗೃಹಕೂಟಗಳಾದವು. ಹೇಗೆ ಹೇಳುವುದು? – ಸಭೆಯ ಹಿರಿಯರು

ಉತ್ತರ: ಪಾಸ್ಟರಲ್ಲಿ ಹಸಿವಿದೆ, ಅದು ಒಳ್ಳೆಯದು. ತೊಡಕು ಇರುವುದು ಆ ಪುಸ್ತಕಗಳ ಸ್ವಭಾವದಲ್ಲಿ. ವಾಕ್ಯದ ಆಜ್ಞೆ, ವಾಕ್ಯದಲ್ಲಿರುವ ಮಾದರಿ, ಒಂದು ಸಭೆಯಲ್ಲಿ ಫಲಕೊಟ್ಟ ಉಪಾಯ, ಈ ಮೂರೂ ಅಲ್ಲಿ ಒಂದೇ ದನಿಯಲ್ಲಿ ಬರುತ್ತವೆ. ತಪ್ಪುಮಾಡಿದ ಸಹೋದರನನ್ನು ತಿದ್ದಬೇಕೆಂಬ ಮತ್ತಾಯ 18:15-17 ಆಜ್ಞೆ. ಅಪೊಸ್ತಲರ ಕೃತ್ಯಗಳು 14:23ರಲ್ಲಿ ಸಭೆಸಭೆಗೂ ಹಿರಿಯರನ್ನು ನೇಮಿಸಿದ್ದು ಮಾದರಿ. ಗೃಹಕೂಟದಲ್ಲಿ ಹನ್ನೆರಡು ಜನ ಇರಬೇಕೆಂಬುದು ಉಪಾಯ. ಓದುವಾಗ ಅಂಚಿನಲ್ಲಿ ‘ಆ’, ‘ಮಾ’, ‘ಉ’ ಎಂದು ಬರೆಯುತ್ತಾ ಹೋದರೆ ಪುಸ್ತಕದ ಎಷ್ಟು ಪಾಲು ‘ಉ’ ಎಂದು ಕಣ್ಣಿಗೇ ಕಾಣುತ್ತದೆ. ಇನ್ನೂ ಒಂದಿದೆ: ಅದೇ ಉಪಾಯ ಮಾಡಿ ಸೋತ ಸಭೆಗಳು ಪುಸ್ತಕ ಬರೆಯುವುದಿಲ್ಲ.

ಪಾಸ್ಟರ್‌ಗೆ ಒಂದು ಕೋರಿಕೆ ಮುಂದಿಡಿ: ಮುಂದಿನ ಪುಸ್ತಕವನ್ನು ಹಿರಿಯರೊಡನೆ ಓದಲಿ. ಆರೇಳು ಜನ, ಹದಿನೈದು ದಿನಕ್ಕೆ ಒಂದು ಅಧ್ಯಾಯ, ಒಂದು ಗಂಟೆ. ಪುಸ್ತಕ ಮುಗಿದ ಮೇಲೂ ಮೂರು ತಿಂಗಳು ಯಾವ ತೀರ್ಮಾನವೂ ಬೇಡ. ಆಮೇಲೂ ಉಳಿದುಕೊಂಡ ಒಂದೇ ಬದಲಾವಣೆಯನ್ನು ಕೈಗೆತ್ತಿಕೊಂಡು ಒಂದು ವರ್ಷ ನಡೆಸಿ.

ಯಾವ ಪುಸ್ತಕ ಎಂದರೆ, ಎರಡನ್ನು ಹೇಳುತ್ತೇವೆ. ಜರ್ಮನಿಯ ಪಾಸ್ಟರ್ ಬಾನ್‌ಹಾಫರ್ 1939ರಲ್ಲಿ ಪ್ರಕಟಿಸಿದ ‘ಲೈಫ್ ಟುಗೆದರ್’ ಐದೇ ಅಧ್ಯಾಯಗಳ ಚಿಕ್ಕ ಕೃತಿ. ಕನಸಿನ ಸಭೆಯನ್ನು ಪ್ರೀತಿಸುವವನು ಎದುರಿಗಿರುವ ಸಭೆಯನ್ನು ಹಾಳುಮಾಡುತ್ತಾನೆ ಎಂಬ ಎಚ್ಚರಿಕೆ ಮೊದಲ ಅಧ್ಯಾಯದಲ್ಲೇ ಇದೆ. ನಿಮ್ಮ ಪರಿಸ್ಥಿತಿಗೆ ಅದು ನೇರವಾಗಿ ತಾಗುತ್ತದೆ. ಇನ್ನೊಂದು ಇಂಗ್ಲೆಂಡಿನ ಸಭಾಪಾಲಕ ರಿಚರ್ಡ್ ಬ್ಯಾಕ್ಸ್‌ಟರ್ 1656ರಲ್ಲಿ ಬರೆದ ‘ದಿ ರಿಫಾರ್ಮ್ಡ್ ಪಾಸ್ಟರ್’. ಅಲ್ಲಿ ‘ರಿಫಾರ್ಮ್ಡ್’ ಪಂಗಡದ ಹೆಸರಲ್ಲ, ಚೈತನ್ಯ ಪಡೆದು ತಿದ್ದುಕೊಂಡ ಸಭಾಪಾಲಕ ಎಂದರ್ಥ. ಬ್ಯಾಕ್ಸ್‌ಟರನೂ ಅವನ ಸಹಾಯಕನೂ ಸೋಮವಾರ, ಮಂಗಳವಾರಗಳಂದು ವಾರಕ್ಕೆ ಹದಿನೈದು ಹದಿನಾರು ಕುಟುಂಬಗಳಿಗೆ ಪ್ರಶ್ನೋತ್ತರಮಾಲೆ ಕಲಿಸಿ, 800ಕ್ಕೂ ಹೆಚ್ಚು ಕುಟುಂಬಗಳನ್ನು ವರ್ಷದೊಳಗೆ ಮುಟ್ಟುವ ಯೋಜನೆ ಇಟ್ಟುಕೊಂಡಿದ್ದರು. ಈ ಸಂಖ್ಯೆ ನೋಡಿ ಮರುದಿನವೇ ಅನುಕರಿಸಲು ಹೊರಟರೆ ದೇಹ ತಡೆಯದು. ವಾರಕ್ಕೆ ಎರಡು ಕುಟುಂಬ, ತಲಾ ಒಂದು ಗಂಟೆ ಎಂದರೂ ವರ್ಷಕ್ಕೆ ನೂರು ಮನೆಗಳಾಗುತ್ತವೆ. ಬ್ಯಾಕ್ಸ್‌ಟರನ ಗದರಿಕೆ ಕೆಲವೆಡೆ ಕಠೋರವಾಗಿದೆ. ಬಳಲಿದವರು ಮೊದಲು ಬಾನ್‌ಹಾಫರ್ ಓದುವುದು ಮೇಲು.

ಪ್ರಶ್ನೆ: ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಉಳಿದದ್ದನ್ನು ಪ್ರಸಂಗದಲ್ಲಿ ಬಳಸಿದರೆ ಕದ್ದಂತಾಗುತ್ತದೆಯೇ? – ದೇವಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ಪ್ರತಿ ಸಾಲಿಗೂ ಅಡಿಗೆರೆ ಎಳೆದರೆ ಯಾವ ಸಾಲೂ ಎದ್ದು ಕಾಣುವುದಿಲ್ಲ. ಅಧ್ಯಾಯ ಮುಗಿದೊಡನೆ ಪುಸ್ತಕ ಮುಚ್ಚಿ ಮೂರು ಸಾಲು ಬರೆಯಿರಿ: ಲೇಖಕರು ಏನು ಹೇಳಿದರು, ಯಾವ ವಚನದ ಆಧಾರದ ಮೇಲೆ, ನಾನು ಒಪ್ಪುತ್ತೇನೆಯೇ. ಪುಟಸಂಖ್ಯೆ ತಪ್ಪಬಾರದು. ನೋಟ್‌ಬುಕ್ಕಿನ ಕೊನೆಯಲ್ಲಿ ಎರಡು ಸೂಚಿಗಳಿರಲಿ. ಒಂದು ಬೈಬಲ್ ಪುಸ್ತಕಗಳ ಕ್ರಮದಲ್ಲಿ, ಇನ್ನೊಂದು ಜನರ ಅಗತ್ಯದ ಪ್ರಕಾರ: ಮರಣ, ವಿವಾಹ, ಸಂಶಯ, ಸಾಲ, ಮದ್ಯವ್ಯಸನ. ಪಾಲನೆಯ ಕೆಲಸದಲ್ಲಿ ಎರಡನೆಯದೇ ಹೆಚ್ಚು ಒದಗುವುದು.

ಓದಿ ಅರಗಿಸಿಕೊಂಡ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳುವುದು ಕಳ್ಳತನವಲ್ಲ. ಇನ್ನೊಬ್ಬರ ಪ್ರಸಂಗದ ವಿಭಾಗಗಳು, ಉದಾಹರಣೆಗಳು, ವಾಕ್ಯಗಳನ್ನು ಹಾಗೇ ಎತ್ತಿ ತಂದರೆ ಒಂದು ಮಾತಿನಲ್ಲಿ ಒಪ್ಪಿಕೊಳ್ಳಬೇಕು. ಇನ್ನೊಬ್ಬರ ಅನುಭವವನ್ನಂತೂ ‘ನನಗೆ ಹೀಗಾಯಿತು’ ಎಂದು ಎಂದೂ ಹೇಳಕೂಡದು. ಒಂದು ಪ್ರಸಂಗಕ್ಕೆ ಒಂದು ಉದ್ಧರಣೆ ಸಾಕು, ಅದೂ ಪುಸ್ತಕ ಮತ್ತು ಅಧ್ಯಾಯ ಗೊತ್ತಿದ್ದರೆ ಮಾತ್ರ. ಅಗತ್ಯವಿದ್ದರೆ ಮಾತ್ರ ಮಾತುಗಳನ್ನು ಬಳಸಿ ಸುವಾರ್ತೆ ಸಾರಿರಿ ಎಂಬ ಮಾತು ಅಸಿಸಿಯ ಫ್ರಾನ್ಸಿಸರ ಬರಹಗಳಲ್ಲಿ ಇಲ್ಲ. ಮುಖ್ಯವಾದವುಗಳಲ್ಲಿ ಐಕ್ಯ, ಮಿಕ್ಕವುಗಳಲ್ಲಿ ಸ್ವಾತಂತ್ರ್ಯ ಎಂಬುದು ಆಗಸ್ಟಿನರದ್ದಲ್ಲ, ಹದಿನೇಳನೇ ಶತಮಾನದ್ದು. ಮೂಲ ಸಿಗದ ಮಾತು ಒಳ್ಳೆಯದಾಗಿದ್ದರೆ ಯಾರ ಹೆಸರೂ ಹೇಳದೆ ‘ಒಂದು ಹಳೆಯ ಮಾತಿದೆ’ ಎಂದು ಹೇಳಿ ಮುಂದೆ ಸಾಗಿ.