ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?

ನಿಮ್ಮ ಕೆಲಸ ಕಾರವಾರದಲ್ಲಿ, ಮನೆ ಶಿರಸಿಯಲ್ಲಿ, ವಾರಕ್ಕೊಮ್ಮೆ ದೇವಿಮನೆ ಘಟ್ಟದ ಮೇಲೆ ಓಡಾಟ. 1.2 ಲೀಟರ್ ಪೆಟ್ರೋಲ್ ಕಾರು ಮೊದಲು ಲೀಟರಿಗೆ 17 ಕಿ.ಮೀ. ಕೊಡುತ್ತಿತ್ತು, ಈಗ 14ಕ್ಕೆ ಬಂದಿದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕು ಅಂತ ಗೆಳೆಯರು ಹೇಳುತ್ತಾರೆ, ಹಾಕಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಹಾಕಬೇಡಿ. ನಾನೂ ಇದೇ ದಾರಿಯಲ್ಲಿ ಒಂಬತ್ತು ವರ್ಷದಿಂದ ಓಡಾಡುತ್ತಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ಮನಸ್ಸಿಗೆ ಭಯವಾಗುತ್ತದೆ.

ಕಾರ್ಬುರೇಟರ್ ಇದ್ದ ಹಳೇ ಕಾರುಗಳ ಕಾಲದ ಮಾತು ಅದು. ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ. ಗೇರಿನಲ್ಲಿಟ್ಟು ಎಕ್ಸಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ. ಆಗ ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ. ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದಿರೋ, ಇಂಜಿನ್ ಆರಿಹೋಗದೆ ಉಳಿಯಲು ಪೆಟ್ರೋಲ್ ಬೇಕೇ ಬೇಕು. ಸಣ್ಣ ಕಾರು ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿಯೇ ಕುಡಿಯುತ್ತದೆ. ಅಂದರೆ ಘಟ್ಟದಲ್ಲಿ ನ್ಯೂಟ್ರಲ್ ಹಾಕಿದವರು ಉಳಿಸುವುದಿಲ್ಲ, ಕಳೆಯುತ್ತಾರೆ.

ಅದಕ್ಕಿಂತ ದೊಡ್ಡ ಅಪಾಯ ಬ್ರೇಕಿನದು. ನ್ಯೂಟ್ರಲ್‌ನಲ್ಲಿ ಇಂಜಿನ್ ಕಾರನ್ನು ಹಿಡಿಯುವುದಿಲ್ಲ, ಎಲ್ಲ ಭಾರವೂ ಬ್ರೇಕಿನ ಮೇಲೆ. ತಿರುವಿನ ಮೇಲೆ ತಿರುವು ಬರುವಾಗ ಬ್ರೇಕ್ ಒತ್ತುತ್ತಲೇ ಹೋದರೆ ಪ್ಯಾಡ್ ಕಾಯುತ್ತದೆ, ಆಮೇಲೆ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಕುದಿದು ಪೆಡಲ್ ತಳಕ್ಕೆ ಹೋಗಬಹುದು. ಮಳೆಗಾಲದಲ್ಲಿ ತಿರುವಿನ ಆಚೆ ಗುಡ್ಡದ ಮಣ್ಣು ಬಿದ್ದಿರುತ್ತದೋ, ಬಸ್ಸು ಬರುತ್ತಿರುತ್ತದೋ ಯಾರಿಗೆ ಗೊತ್ತು? ಎರಡನೇ ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ. ಇಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ, ಸ್ಟೇರಿಂಗ್ ಮತ್ತು ಬ್ರೇಕ್ ಎರಡೂ ಗಟ್ಟಿಯಾಗುತ್ತವೆ.

ಹತ್ತುವಾಗ ಮೀಟರಿನಲ್ಲಿ ಮೈಲೇಜ್ 10, 11 ಅಂತ ತೋರಿಸಿದರೆ ಗಾಬರಿಯಾಗಬೇಡಿ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಒಂದು ಟನ್ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಪೆಟ್ರೋಲ್ ಬೇಕು. ಇದನ್ನು ಯಾವ ಜಾಣತನದಿಂದಲೂ ತಪ್ಪಿಸಲಾಗದು. ಇಳಿಯುವಾಗ ಅದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಹಾಗಾಗಿ ಹೋಗಿ ಬಂದ ಲೆಕ್ಕ ಒಟ್ಟಿಗೇ ಹಾಕಿ. ಹತ್ತುವಾಗ ಮೇಲಿನ ಗೇರಿನಲ್ಲಿ ಇಂಜಿನ್ ನಡುಗುವಷ್ಟು ಎಳೆಸಬೇಡಿ. ಮುಂದೆ ಲಾರಿ ಇದ್ದರೆ ಅಂತರ ಬಿಟ್ಟು, ನಿಲ್ಲದೆ ಹೋಗುವ ಹಾಗೆ ನೋಡಿಕೊಳ್ಳಿ. ಏರಿನಲ್ಲಿ ನಿಂತು ಮತ್ತೆ ಹೊರಡುವುದು ತುಂಬಾ ದುಬಾರಿ. ಇಳಿಯುವಾಗ ನೀವೂ ಹತ್ತುವವರಿಗೆ ದಾರಿ ಬಿಡಿ, ನಿಯಮವೂ ಅದೇ.

ಈಗ 17 ಹೇಗೆ 14 ಆಯಿತು ಅನ್ನುವುದಕ್ಕೆ ಬರುತ್ತೇನೆ. ಎಥನಾಲ್ ಬೆರೆಸಿದ ಪೆಟ್ರೋಲ್ ಕಾರಣ ಅಂತ ಹಲವರು ಹೇಳಿರುತ್ತಾರೆ. ಸ್ವಲ್ಪ ನಿಜ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ ಇದೆ. ಆದರೆ ಶೇ 10ರ ಮಿಶ್ರಣ ಶೇ 20 ಆದಾಗ ಶಕ್ತಿ ಇಳಿಯುವುದು ಶೇ 3–4ರಷ್ಟು. 17 ಇದ್ದದ್ದು ಹದಿನಾರೂವರೆ ಹತ್ತಿರ ಬರಬಹುದು. 14ಕ್ಕೆ ಬಂದಿದೆ ಅಂದರೆ ಬೇರೆ ಏನೋ ಇದೆ. ನನಗೆ ಅನುಮಾನ ಬ್ರೇಕಿನ ಮೇಲೆ.

ನನಗೂ ಹೀಗೇ ಆಗಿತ್ತು. ಒಂದು ಮಳೆಗಾಲದಲ್ಲಿ ಕಾರವಾರದ ಬಾಡಿಗೆ ಮನೆಯ ಮುಂದೆ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ಕಾರು ನಿಲ್ಲಿಸಿದ್ದೆ. ಎಡೆಬಿಡದ ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಐದನೇ ದಿನ ಹೊರಟಾಗ ಹಿಂದೆ ‘ಟಕ್’ ಅಂತ ಸದ್ದಾಯಿತು, ಕಾರು ಮುಂದೆ ಹೋಯಿತು, ಮರೆತುಬಿಟ್ಟೆ. ಆ ತಿಂಗಳು ಮೈಲೇಜ್ ಇಳಿಯಿತು. ಒಂದು ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಬದಲಿಸಿದರು, ಸ್ಪಾರ್ಕ್ ಪ್ಲಗ್ ಬದಲಿಸಿದರು. ಏನೂ ಆಗಲಿಲ್ಲ. ಕೊನೆಗೆ ಒಂದು ಶನಿವಾರ ಘಟ್ಟದ ಕೆಳಗಿನ ಕತಗಾಲದಲ್ಲಿ ಚಹಾಕ್ಕೆ ನಿಂತಾಗ ಸುಟ್ಟ ವಾಸನೆ ಬಂತು. ಎಡಗಡೆ ಹಿಂದಿನ ಚಕ್ರದ ಹತ್ತಿರ ಕೈ ಹಿಡಿದರೆ ಬೆಂಕಿ ಬಿಸಿ. ತುಕ್ಕು ಹಿಡಿದು ಬ್ರೇಕ್ ಶೂ ಪೂರ್ತಿ ಬಿಡದೆ ಉಜ್ಜುತ್ತಲೇ ಇತ್ತು. ಇಷ್ಟು ದಿನ ನಾನು ಬ್ರೇಕ್ ಹಿಡಿದುಕೊಂಡೇ ಘಟ್ಟ ಹತ್ತಿದ್ದೆ! ಬಿಚ್ಚಿ, ಉಜ್ಜಿ, ಕೇಬಲ್‌ಗೆ ಗ್ರೀಸ್ ಹಾಕಿದ ಮೇಲೆ ಎಲ್ಲ ಸರಿಯಾಯಿತು.

ನೀವೇ ನೋಡಬಹುದು, ಕಷ್ಟವೇನಿಲ್ಲ. ಕಾರವಾರದಿಂದ ಬರುವಾಗ, ಘಟ್ಟಕ್ಕೆ ಮೊದಲೇ, ಬ್ರೇಕ್ ಜಾಸ್ತಿ ಒತ್ತದೆ ಹತ್ತು ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿ. ಚಕ್ರ ಮುಟ್ಟಬೇಡಿ, ಹತ್ತಿರ ಕೈ ಹಿಡಿದು ನೋಡಿ. ಮುಂದಿನ ಚಕ್ರಗಳು ಹಿಂದಿನದಕ್ಕಿಂತ ಬಿಸಿ ಇರುವುದು ಸಹಜ. ಎಡ ಮತ್ತು ಬಲಕ್ಕೆ ಹೋಲಿಸಿ. ಒಂದು ಕಡೆ ಮಾತ್ರ ತುಂಬಾ ಬಿಸಿ ಇದ್ದರೆ ಅಲ್ಲೇ ಬ್ರೇಕ್ ಹಿಡಿದಿದೆ. ಕರಾವಳಿಯ ಮಳೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಕಾರು ನಿಲ್ಲಿಸುವುದಿದ್ದರೆ, ಸಮತಟ್ಟಾದ ಜಾಗದಲ್ಲಿ ಮೊದಲ ಗೇರಿನಲ್ಲಿಟ್ಟು, ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ.

ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿಸಿ. ಎಷ್ಟು ಇರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಇರುತ್ತದೆ. ಹೆದ್ದಾರಿಯಲ್ಲಿ ಓಡಿಸಿ ಬಂದು ಬಿಸಿ ಟೈರಿಗೆ ಗಾಳಿ ನೋಡಿಸಿದರೆ ಮೂರು ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಅಂಗಡಿಯವರು ಆ ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುತ್ತಾರೆ, ಮರುದಿನ ನಿಮ್ಮ ಟೈರಿನಲ್ಲಿ ಗಾಳಿ ಕಡಿಮೆ.

ಹೆದ್ದಾರಿ 66ರಲ್ಲಿ 100ರ ಬದಲು 80ರಲ್ಲಿ ಹೋಗಿ. ವೇಗ 80ರಿಂದ 100ಕ್ಕೆ ಏರಿದರೆ ಎದುರು ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ. 60 ಕಿ.ಮೀ. ದಾರಿಯಲ್ಲಿ ಉಳಿಯುವ ಸಮಯ ಒಂಬತ್ತು ನಿಮಿಷ ಮಾತ್ರ, ಅಲ್ವಾ? ಮುಂದೆ ಉಬ್ಬೋ ಕ್ರಾಸೋ ಕಂಡರೆ ದೂರದಿಂದಲೇ ಕಾಲು ತೆಗೆಯಿರಿ. ಬ್ರೇಕ್ ಒತ್ತಿದಾಗಲೆಲ್ಲ ಆಗಲೇ ಸುಟ್ಟ ಪೆಟ್ರೋಲನ್ನು ಬಿಸಿಯಾಗಿ ಚೆಲ್ಲುತ್ತಿರುತ್ತೀರಿ.

ಎಸಿ ವಿಷಯ ಚಿಕ್ಕದು. ಮಳೆಯಲ್ಲಿ ಗಾಜು ಮಬ್ಬಾಗುವಾಗ ಎಸಿ ಹಾಕಲೇಬೇಕು, ಅಲ್ಲಿ ಜಿಪುಣತನ ಬೇಡ. ಘಟ್ಟದ ಮೇಲೆ ತಂಪಿರುವಾಗ, ನಿಧಾನ ಹೋಗುವಾಗ ಕಿಟಕಿ ತೆರೆದರೆ ಸಾಕು. ಪೆಟ್ರೋಲಿಗೆ ಬೆರೆಸುವ ಬಾಟಲಿ ಔಷಧಿಗಳಿಗೆ ದುಡ್ಡು ಹಾಕಬೇಡಿ.

ಮೀಟರ್ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಒಂದೇ ಬಂಕಿನಲ್ಲಿ, ನಳಿಕೆ ತಾನಾಗಿ ‘ಕಟ್’ ಆಗುವವರೆಗೆ ಟ್ಯಾಂಕ್ ತುಂಬಿಸಿ. ಶಿರಸಿಗೆ ಹೋಗಿ ಬಂದು ಮತ್ತೆ ಅಲ್ಲೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಲೀಟರಿನಿಂದ ಭಾಗಿಸಿ. ಮೂರು ಸಲ ಬರೆದಿಟ್ಟರೆ ಸರಿಯಾದ ಲೆಕ್ಕ ಸಿಗುತ್ತದೆ. ಆದರೆ ಮೊದಲು ಈ ವಾರವೇ ಆ ಚಕ್ರಗಳ ಬಿಸಿ ನೋಡಿ, ಯಾವುದಾದರೂ ಒಂದು ಕಾದಿದ್ದರೆ ಇಲ್ಲೇ ತಿಳಿಸಿ.