ವಡಗಾವಿಯ ಮಗ್ಗ, ಉದ್ಯಮಬಾಗದ ಪಾಳಿ

ಬೆಳಗಾವಿಯ ನೇಕಾರರ ಓಣಿಗಳಲ್ಲಿ ಸಿಮೆಂಟಿನ ಮನೆ, ಬೈಕು, ಫ್ರಿಜ್ಜು ಎಲ್ಲವೂ ಕಾಣುತ್ತವೆ, ಅಷ್ಟಿದ್ದೂ ಅಧಿವೇಶನದ ಹೊತ್ತಿಗೆ ಅವರು ಸುವರ್ಣ ವಿಧಾನಸೌಧದ ಬಳಿ ಧರಣಿ ಕೂರುವುದೇಕೆ ಎಂದು ತಾವು ಕೇಳಿದ್ದೀರಿ. ದೂರದಿಂದ ಬಂದವರಿಗೆ ಈ ಎರಡೂ ಒಂದಕ್ಕೊಂದು ಹೊಂದಿಕೆಯಾಗದಂತೆ ತೋರುವುದು ಸಹಜ. ಇಲ್ಲಿಯೇ ಹುಟ್ಟಿ ಬೆಳೆದವನಾಗಿ ನಾನು ಹೇಳಬಲ್ಲದ್ದಿಷ್ಟು: ಮನೆಯಲ್ಲಿ ಸಾಮಾನು ಎಷ್ಟಿದೆ ಎಂಬುದಕ್ಕಿಂತ, ಕೆಲಸ ನಿಂತ ವಾರದಲ್ಲಿ ಆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನೋಡಿದರೆ ಈ ಊರಿನ ದುಡಿಮೆಗಾರರ ಬದುಕು ಬೇಗ ಅರ್ಥವಾಗುತ್ತದೆ.

ವಡಗಾವಿ, ಖಾಸಬಾಗ, ಶಹಾಪುರ ಭಾಗದಲ್ಲಿ ಬಹುಪಾಲು ವಿದ್ಯುತ್ ಮಗ್ಗಗಳು ಇರುವುದು ಮನೆಗಳಲ್ಲಿಯೇ. ಮುಂಭಾಗದ ಕೋಣೆಯಲ್ಲಿಯೋ ನೆಲಮಾಳಿಗೆಯಲ್ಲಿಯೋ ಎರಡೋ ನಾಲ್ಕೋ ಮಗ್ಗಗಳು ಓಡುತ್ತಿರುತ್ತವೆ; ಸಂಸಾರ ಅವುಗಳ ಹಿಂದೆ ಅಥವಾ ಮೇಲೆ ನಡೆಯುತ್ತದೆ. ಮಗ್ಗ ಓಡುವಾಗ ಗೋಡೆಗೆ ಕೈಯಿಟ್ಟರೆ ಅದುರುವುದು ತಿಳಿಯುತ್ತದೆ, ಮಕ್ಕಳು ಆ ಸದ್ದಿನಲ್ಲಿಯೇ ಓದಿಕೊಳ್ಳುತ್ತಾರೆ. ಕಾಗದದ ಮೇಲೆ ಮನೆಯ ಯಜಮಾನ ಒಂದು ಘಟಕದ ಮಾಲೀಕ. ಆದರೆ ನೂಲು ಬಹುತೇಕ ಸಾವಕಾರನದು, ಅಂದರೆ ಸೀರೆ ನೇಯಿಸಿಕೊಳ್ಳುವ ವ್ಯಾಪಾರಿಯದು, ವಿನ್ಯಾಸವೂ ಅವನದು, ನೇಕಾರನಿಗೆ ಸಿಗುವುದು ಒಂದು ಸೀರೆಗೆ ಇಷ್ಟು ಎಂಬ ಮಜೂರಿ. ನೇಯ್ದ ಸೀರೆಗಳನ್ನು ಮಡಚಿ ಒಯ್ದಾಗ ಸಾವಕಾರ ಒಂದೊಂದನ್ನೂ ಬಿಡಿಸಿ ಬೆಳಕಿಗೆ ಹಿಡಿಯುತ್ತಾನೆ. ಎಳೆ ತಪ್ಪಿದ್ದರೆ, ಎಣ್ಣೆಯ ಕಲೆ ಬಿದ್ದಿದ್ದರೆ ಅದನ್ನು ‘ಡ್ಯಾಮೇಜ್’ ಎಂದು ಬದಿಗಿಟ್ಟು ಲೆಕ್ಕದಲ್ಲಿ ಮುರಿದುಕೊಳ್ಳುತ್ತಾನೆ. ಕರೆಂಟು ಹೋದ ಗಂಟೆಗೆ, ಬಿಡಿಭಾಗ ಮುರಿದು ಮಗ್ಗ ನಿಂತ ದಿನಕ್ಕೆ, ಬೇಡಿಕೆಯಿಲ್ಲದ ಆಷಾಢಕ್ಕೆ ಮಜೂರಿಯಿಲ್ಲ. ಹೀಗೆ ಮಾಲೀಕನ ಖರ್ಚೂ ಕೂಲಿಯವನ ಗಳಿಕೆಯೂ ಒಬ್ಬನ ಪಾಲಿಗೇ ಬಂದಿವೆ.

ಹಾಗಿದ್ದರೆ ಸ್ವಂತ ನೂಲು ತಂದು ಸ್ವಂತ ಸೀರೆ ಮಾರಬಾರದೇಕೆ ಎಂದು ತಾವು ಕೇಳಬಹುದು. ಗಡಿನಾಡಿನ ತೊಡಕು ಇರುವುದು ಇಲ್ಲಿಯೇ. ನಮ್ಮ ಸೀರೆಗೆ ಸಹಜವಾದ ಪೇಟೆಗಳಲ್ಲಿ ಮಹಾರಾಷ್ಟ್ರದ ಪೇಟೆಗಳು ಮುಖ್ಯವಾದವು, ನೂಲಿನ ವ್ಯವಹಾರವೂ ಅಲ್ಲಿಯ ಜವಳಿ ಊರಾದ ಇಚಲಕರಂಜಿಯ ಕಡೆಗೆ ಹೊಂದಿಕೊಂಡಿದೆ. ಕೊಲ್ಹಾಪುರ ಇಲ್ಲಿಂದ ಸುಮಾರು 110 ಕಿಲೋಮೀಟರ್, ಬೆಂಗಳೂರು ಸುಮಾರು 500. ಆದರೆ 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ, ರಾಜ್ಯದೊಳಗೇ ಮಾರುವ ಸಣ್ಣವನಿಗೆ ವಹಿವಾಟು ಮಿತಿಯೊಳಗಿದ್ದರೆ ನೋಂದಣಿಯಿಂದ ವಿನಾಯಿತಿ ಸಿಕ್ಕಿತು. ವಿದ್ಯುತ್ ಮಗ್ಗದ ಹತ್ತು ಸೀರೆಗಳನ್ನು ಗಡಿ ದಾಟಿಸಿ ಮಾರುವವನಿಗೆ ಮಾತ್ರ ನೋಂದಣಿ ಕಡ್ಡಾಯವಾಯಿತು. ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಇದು ಸಣ್ಣ ನಿಯಮ. ನಿಪ್ಪಾಣಿಯ ಆಚೆಗೇ ಗಿರಾಕಿ ಇರುವ ನೇಕಾರನಿಗೆ ಲೆಕ್ಕಿಗನ ಶುಲ್ಕ, ರಿಟರ್ನ್ಸ್, ತಡವಾದರೆ ದಂಡ ಇವೆಲ್ಲ ಸೇರಿ, ಮಜೂರಿಗೆ ನೇಯ್ದುಕೊಡುವುದೇ ಲೇಸು ಎನಿಸುವಂತೆ ಮಾಡುತ್ತವೆ. ಸ್ವಂತ ವ್ಯಾಪಾರಕ್ಕೆ ಇಳಿಯಬಯಸಿದವರಲ್ಲಿ ಕೆಲವರು ಹೀಗೆಯೇ ಸಾವಕಾರನ ಕಡೆಗೆ ಹಿಂದಿರುಗಿದರು.

ಇದರ ಮೇಲೆ ಸೂರತ್‌ನ ಪೈಪೋಟಿ ಇದೆ. ಅಲ್ಲಿಯ ಪಾಲಿಸ್ಟರ್ ಸೀರೆ ನಮ್ಮ ನೂಲಿನ ಬೆಲೆಯ ಆಸುಪಾಸಿನಲ್ಲಿಯೇ ಪೇಟೆಗೆ ಬಂದು ಬೀಳುತ್ತದೆ ಎಂಬುದು ಇಲ್ಲಿಯ ನೇಕಾರರ ನಿತ್ಯದ ದೂರು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗದವರಿಗೆ ಇದೇ ಪೆಟ್ಟು ಇನ್ನೊಂದು ರೀತಿಯಲ್ಲಿ ಬಿದ್ದಿದೆ. ಇಳಕಲ್ ಸೀರೆಯ ಒಡಲಿನ ಹಾಸನ್ನೂ (ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು) ರೇಷ್ಮೆ ಸೆರಗಿನ ಹಾಸನ್ನೂ ಬೇರೆ ಬೇರೆ ಹೂಡಿ, ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕೆಲಸ ಪ್ರತಿ ಸೀರೆಗೂ ಹೊಸದಾಗಿ ಆಗಬೇಕು. ಒಂದೇ ಉದ್ದನೆಯ ಹಾಸಿನ ಮೇಲೆ ಓಡುವ ವಿದ್ಯುತ್ ಮಗ್ಗಕ್ಕೆ ಇದು ಒಗ್ಗದು. ಆದ್ದರಿಂದ ವಿದ್ಯುತ್ ಮಗ್ಗದಲ್ಲಿ ಇದರ ನಕಲು ಮಾಡಿಸುವವರು ಕೊಂಡಿಯನ್ನೇ ಕೈಬಿಟ್ಟು, ಅಂಚು ಮತ್ತು ಸೆರಗಿನ ಮೇಲ್ನೋಟವನ್ನಷ್ಟೇ ಉಳಿಸಿಕೊಂಡರು. ಸೀರೆ ತಿರುಗಿಸಿ ನೋಡುವ ಗಿರಾಕಿಗಳು ಎಷ್ಟು ಮಂದಿ? ವಿಷಾದದ ಸಂಗತಿಯೆಂದರೆ, ಆ ನಕಲನ್ನು ನೇಯುವವನೂ ನಮ್ಮಂಥದೇ ಒಂದು ಓಣಿಯ ಕೂಲಿಕಾರ.

2016ರ ನವೆಂಬರ್‌ನ ನೋಟು ರದ್ದತಿ, ಮರುವರ್ಷದ ಜಿಎಸ್‌ಟಿ, 2019ರ ಆಗಸ್ಟ್‌ನ ಮಹಾಪೂರ, 2020ರ ಲಾಕ್‌ಡೌನ್ ಒಂದರ ಹಿಂದೊಂದು ಬಂದವು. ಮಲಪ್ರಭೆಯ ಪೂರದಲ್ಲಿ ರಾಮದುರ್ಗ ತಾಲ್ಲೂಕಿನ ಕುಣಿಮಗ್ಗಗಳಿಗೆ (ನೆಲದ ಕುಣಿಯಲ್ಲಿ ಹೂಡುವ ಕೈಮಗ್ಗಗಳು) ನೀರು ನುಗ್ಗಿ, ಹೂಡಿದ ಹಾಸು ಕೆಸರಿನ ಪಾಲಾಯಿತು. ಲಾಕ್‌ಡೌನಿನಲ್ಲಿ ನೂಲೂ ಬರಲಿಲ್ಲ, ಮದುವೆಯ ಹಂಗಾಮೂ ಕೈತಪ್ಪಿತು, ನೇಯ್ದ ಸೀರೆ ಮನೆಯಲ್ಲಿಯೇ ಉಳಿಯಿತು. ಸಾಲ ತೀರಿಸಲು ಮಗ್ಗವನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟವರಿದ್ದಾರೆ, ಆತ್ಮಹತ್ಯೆಗಳೂ ನಡೆದವು.

ಸರಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯದ ಮಾತಾದೀತು. ವಿದ್ಯುತ್ ಮಗ್ಗಕ್ಕೆ ಯೂನಿಟ್ಟಿಗೆ 1.25 ರೂಪಾಯಿಯ ದರ ಬಹುಕಾಲದಿಂದ ಇತ್ತು. 2023ರ ಬಜೆಟ್ಟಿನಲ್ಲಿ 10 ಎಚ್‌ಪಿವರೆಗಿನ ಘಟಕಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತವೆಂದು ಘೋಷಿಸಲಾಯಿತು. ಮನೆಯಲ್ಲಿ ನಾಲ್ಕಾರು ಮಗ್ಗ ಇಟ್ಟುಕೊಂಡವನಿಗೆ ಇದು ನಿಜವಾದ ನೆರವು. ಆದರೆ ಮಗ್ಗ ಓಡಿದರೆ ತಾನೇ ಕರೆಂಟು ಸುಡುವುದು? ಬೇಡಿಕೆ ಕುಸಿದ ತಿಂಗಳಲ್ಲಿ ಉಚಿತ ವಿದ್ಯುತ್ತಿನಿಂದ ಅಡಿಗೆಮನೆಗೆ ಏನೂ ಬರುವುದಿಲ್ಲ.

ಆದ್ದರಿಂದಲೇ ಓಣಿಯ ಹುಡುಗರು ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿ, ಮಷಿನ್ ಶಾಪುಗಳ ಪಾಳಿಗೆ ಹೋಗುತ್ತಿದ್ದಾರೆ. ಕುಲುಮೆಯ ಮುಂದಿನ ಕಾವು, ಮರಳಿನ ಧೂಳು, ರಾತ್ರಿ ಪಾಳಿಯ ನಿದ್ದೆಗೇಡು ಯಾವುದೂ ಮಗ್ಗಕ್ಕಿಂತ ಹಗುರವಲ್ಲ. ಒಳ್ಳೆಯ ಹಂಗಾಮಿನಲ್ಲಿ ಚೆನ್ನಾಗಿ ನೇಯುವವನ ಗಳಿಕೆ ಹೊಸ ಹೆಲ್ಪರನ ಪಗಾರಕ್ಕಿಂತ ಹೆಚ್ಚೇ ಇದ್ದೀತು. ಆದರೂ ಅವರ ಆಯ್ಕೆಯಲ್ಲಿ ಲೆಕ್ಕಾಚಾರವಿದೆ. ಹತ್ತು ಮಂದಿ ಕೆಲಸ ಮಾಡುವಲ್ಲಿ ಇಎಸ್‌ಐ ಎಂಬ ಕಾರ್ಮಿಕರ ಆರೋಗ್ಯ ವಿಮೆ, ಇಪ್ಪತ್ತು ಮಂದಿಯಿದ್ದಲ್ಲಿ ಭವಿಷ್ಯನಿಧಿ ಅನ್ವಯವಾಗುತ್ತದೆ. ನಾಲ್ಕು ಮಗ್ಗದ ಮನೆ ಈ ಎರಡೂ ಕಾನೂನುಗಳ ಕಣ್ಣಿಗೆ ಬೀಳುವುದೇ ಇಲ್ಲ. ತಂದೆಯ ದಮ್ಮಿಗೋ ಹೆಂಡತಿಯ ಹೆರಿಗೆಗೋ ಆಸ್ಪತ್ರೆಯ ಬಿಲ್ಲು ಕಟ್ಟಿ ಸಾಲಕ್ಕೆ ಬಿದ್ದ ಮನೆಗಳಿಗೆ ಇಎಸ್‌ಐ ಕಾರ್ಡಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಹೆಣ್ಣು ಕೊಡುವವರು ಕೂಡ ಈಗ ಮಗ್ಗ ಎಷ್ಟಿವೆ ಎಂದು ಕೇಳುವ ಬದಲು ಕಂಪನಿಯಲ್ಲಿ ‘ಪರ್ಮನೆಂಟ್’ ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಪರ್ಮನೆಂಟ್ ಆಗುವುದು ಸುಲಭವಲ್ಲ. ಗುತ್ತಿಗೆದಾರನ ಮೂಲಕ ಸೇರಿದವನನ್ನು ವಾಹನ ಉದ್ಯಮದ ಬೇಡಿಕೆ ಇಳಿದಾಗ ಮೊದಲು ಮನೆಗೆ ಕಳಿಸುತ್ತಾರೆ, ಅವನು ಮತ್ತೆ ತಂದೆಯ ಮಗ್ಗಕ್ಕೇ ಬಂದು ನಿಲ್ಲುತ್ತಾನೆ.

ಈ ಎಲ್ಲ ಲೆಕ್ಕಗಳಿಂದ ಹೊರಗುಳಿದವರು ಮನೆಯ ಹೆಂಗಸರು. ಕಂಡಿಕೆಗೆ ನೂಲು ಸುತ್ತುವುದು, ಹರಿದ ಎಳೆ ಕಟ್ಟುವುದು, ಸೀರೆ ಮಡಚುವುದು ಅಡಿಗೆಯ ನಡುನಡುವೆ ಅವರ ಕೈಯಿಂದಲೇ ಆಗುತ್ತದೆ. ಸಾವಕಾರನ ಚೀಟಿಯಲ್ಲಿ ಅದಕ್ಕೆ ಬೇರೆ ಕಲಮು ಇಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿದಾಗ, ಇಂಥ ಅನೇಕ ಮನೆಗಳಲ್ಲಿ ಹೆಂಗಸಿನ ಹೆಸರಿಗೆ ಪ್ರತಿ ತಿಂಗಳೂ ಜಮೆಯಾಗುವ ಮೊದಲ ಹಣ ಅದಾಗಿತ್ತು. ಅದು ಸಂತೆಗೆ, ಮಕ್ಕಳ ಫೀಸಿಗೆ, ಸಂಘದ ಕಂತಿಗೆ ಹೋಗುತ್ತದೆ. ಆ ಯೋಜನೆಗೂ ಒಂದು ಷರತ್ತಿದೆ: ಪತಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವನಾಗಿದ್ದರೆ ಪತ್ನಿ ಅರ್ಹಳಲ್ಲ. ಕೊಲ್ಹಾಪುರದ ಅಂಗಡಿಗೆ ನೇರವಾಗಿ ಸೀರೆ ಮಾರಲು ಹೊರಟ ನೇಕಾರನು ನೋಂದಣಿಗೆ ಮುಂಚೆ ಈ 2,000 ರೂಪಾಯಿಯನ್ನೂ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಬೇಕಾಗುತ್ತದೆ.